ೞಕಾರ ಕಾಣದ ಪರದೆ

ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳನ್ನು ಬಿಡಿಸಿ ತೋರಿಸಿದ್ದು ಕೇವಲ ಶಾಸ್ತ್ರದ ಹಟಕ್ಕಲ್ಲ. ಅಕ್ಷರ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಇಂದು ಹಳಗನ್ನಡದ ಪಾಠವನ್ನು ತನ್ನ ಜಾಲತಾಣದಲ್ಲಿ ಇಡುವ ಅಧ್ಯಾಪಕನಿಗೆ ಆ ಹೊಣೆ ಫಾಂಟಿನ ರೂಪದಲ್ಲಿ ಎದುರಾಗುತ್ತದೆ. ನಮ್ಮಲ್ಲಿ ಹಲವರು ಫಾಂಟನ್ನು ಅಲಂಕಾರವೆಂದು ಬಗೆದಿದ್ದಾರೆ. ನನ್ನ ಮಟ್ಟಿಗೆ ಅದು ಗ್ರಂಥಸಂಪಾದನೆಯ ಭಾಗ.

ಯೂನಿಕೋಡಿನಲ್ಲಿ ಱ, ೞ ಎರಡಕ್ಕೂ ಸ್ಥಾನವಿದೆ. (ೞಕಾರಕ್ಕೆ ಅಲ್ಲಿರುವ ಅಧಿಕೃತ ಹೆಸರು ‘ಫ’! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಆ ತಪ್ಪು ಹಾಗೆಯೇ ಉಳಿದಿದೆ.) ನಕಾರಪೊಲ್ಲು ಸೇರಿದ್ದು 2021ರಲ್ಲಿ, 14ನೆಯ ಆವೃತ್ತಿಯಲ್ಲಿ. ಆದರೆ ಸಂಕೇತ ದೊರೆತ ಮಾತ್ರಕ್ಕೆ ಆಕಾರ ದೊರೆಯದು. ಫಾಂಟಿನಲ್ಲಿ ಆ ಅಕ್ಷರವಿಲ್ಲದಿದ್ದರೆ ಬ್ರೌಸರು ಬೇರೊಂದು ಫಾಂಟಿನಿಂದ ಎರವಲು ತರುತ್ತದೆ, ಒಂದೇ ಪದದೊಳಗೆ ಎರಡು ಬಗೆಯ ಅಚ್ಚು ಕಾಣುತ್ತದೆ. ಎರವಲೂ ಸಿಗದಿದ್ದರೆ ಖಾಲಿ ಚೌಕವೇ ಗತಿ. ನಕಲಿಸಿ ಅಂಟಿಸಿಕೊಂಡರೆ ಸಂಕೇತವೇನೋ ಉಳಿದೀತು. ಕಣ್ಣಿನಿಂದ ಓದಿ ಟಿಪ್ಪಣಿ ಬರೆದುಕೊಳ್ಳುವ ವಿದ್ಯಾರ್ಥಿ ಚೌಕದ ಜಾಗದಲ್ಲಿ ಳಕಾರವನ್ನು ಊಹಿಸುತ್ತಾನೆ, ಬದುಕು ಕತ್ತಿಯಾಗುತ್ತದೆ.

ಆದ್ದರಿಂದ ಓದುಗನ ಮೊಬೈಲಿನಲ್ಲಿ ಏನಿದೆಯೋ ಅದನ್ನೇ ನಂಬದೆ ತಾಣವೇ ಫಾಂಟನ್ನು ಕಳುಹಿಸಬೇಕು. ಇಲ್ಲಿ ಭಾರದ ಪ್ರಶ್ನೆ ಏಳುತ್ತದೆ. ಕನ್ನಡಕ್ಕೆ ಯೂನಿಕೋಡ್ ಮೀಸಲಿಟ್ಟಿರುವ ಸ್ಥಾನಗಳು 128 ಮಾತ್ರ. ಗುಣಿತ, ಒತ್ತಕ್ಷರಗಳ ಆಕಾರಗಳೋ ನೂರಾರು. ಕಡತವನ್ನು ಹಗುರಗೊಳಿಸಲು ಇಂಗ್ಲಿಷಿನಲ್ಲಿ ಮಾಡುವಂತೆ ಬಿಡಿ ಅಕ್ಷರಗಳನ್ನಷ್ಟೇ ಉಳಿಸಿ ಕತ್ತರಿಸಿದರೆ ಜೋಡಣೆಯ ನಿಯಮಗಳೂ ಕತ್ತರಿಸಿಹೋಗುತ್ತವೆ. ಆಗ ‘ಶಾಸ್ತ್ರ’ದ ಒತ್ತುಗಳು ಕಳಚಿ ಅರ್ಧಾಕ್ಷರಗಳ ಸಾಲಾಗಿ ನಿಲ್ಲುತ್ತವೆ. ಬಳಸದ ತೂಕಗಳನ್ನೂ ಅನ್ಯಲಿಪಿಗಳನ್ನೂ ತೆಗೆಯಿರಿ, ಕನ್ನಡವನ್ನು ಇಡಿಯಾಗಿ ಬಿಡಿ. 2018ರಲ್ಲಿ ಮಾನಕವಾದ ವಾಫ್2 ರೂಪಕ್ಕೆ ಬದಲಿಸಿದರೆ ಗಾತ್ರ ತಾನಾಗಿ ಕುಗ್ಗುತ್ತದೆ.

ಫಾಂಟು ಬರುವವರೆಗೆ ಬ್ರೌಸರುಗಳು ಸಾಮಾನ್ಯವಾಗಿ ಸುಮಾರು 3 ಸೆಕೆಂಡು ಬರಹವನ್ನೇ ಮರೆಮಾಡುತ್ತವೆ. ಸಿರಿಗೇರಿಯಂಥ ಊರಿನಲ್ಲಿ ನೆಟ್‌ವರ್ಕ್ ಕುಂಟುವ ಹೊತ್ತಿನಲ್ಲಿ ಇದು ಖಾಲಿ ಹಾಳೆಯನ್ನು ಕೈಗಿತ್ತಂತೆ. ‘ಫಾಂಟ್-ಡಿಸ್‌ಪ್ಲೇ’ ಎಂಬಲ್ಲಿ ‘ಸ್ವಾಪ್’ ಎಂದು ಬರೆದರೆ ಇರುವ ಫಾಂಟಿನಲ್ಲಿ ಪಾಠ ಕೂಡಲೇ ಮೂಡಿ, ಕಳುಹಿಸಿದ ಫಾಂಟು ಬಂದಾಗ ಬದಲಾಗುತ್ತದೆ. ಬದಲಾಗುವಾಗ ಸಾಲುಗಳು ಜಿಗಿಯುತ್ತವೆ, ಕಂದಪದ್ಯದ ಪಾದ ಮುರಿದು ಕೆಳಸಾಲಿಗೆ ಬೀಳುವುದೂ ಉಂಟು ಎಂಬ ಆಕ್ಷೇಪ ನಿಜ. ಅಗಲದಲ್ಲಿ ಸಮೀಪವಿರುವ ಬದಲಿ ಫಾಂಟನ್ನು ಹೆಸರಿಸಿದರೆ ಅದು ಬಹುಪಾಲು ತಗ್ಗುತ್ತದೆ; ತಗ್ಗದಿದ್ದರೂ ಕಾಣದ ಪದ್ಯಕ್ಕಿಂತ ಜಿಗಿಯುವ ಪದ್ಯ ಮೇಲು.

ಶೈಲಿಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಇಂಗ್ಲಿಷಿಗೆ ಹೊಂದಿಸಿದ ಸಾಲಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಾಗುತ್ತದೆ, ಅಕ್ಷರಗಾತ್ರದ 1.7ರಷ್ಟಾದರೂ ಬೇಕು. ದಪ್ಪಕ್ಷರದ ಕಡತವಿಲ್ಲದೆ ದಪ್ಪ ಕೇಳಿದರೆ ಬ್ರೌಸರು ಇದ್ದದ್ದನ್ನೇ ಉಬ್ಬಿಸಿ ಅಕ್ಷರದ ಒಳಬಯಲನ್ನು ಮುಚ್ಚುತ್ತದೆ. ಓರೆ ಅಕ್ಷರವಂತೂ ನಮ್ಮ ಲಿಪಿಯ ಪರಂಪರೆಯದಲ್ಲ, ಉದ್ಧರಣ ಚಿಹ್ನೆ ಸಾಕು.

ಇದೇ ಸೀಮೆಯ ನಿಟ್ಟೂರು, ಉಡೇಗೋಳಗಳ ಅಶೋಕನ ಶಾಸನಗಳು ಬ್ರಾಹ್ಮಿಯಲ್ಲಿವೆ. ಬ್ರಾಹ್ಮಿಗೆ 2010ರಲ್ಲಿಯೇ ಯೂನಿಕೋಡ್ ದೊರೆತಿದೆ, ನೋಟೋ ಬಳಗದಲ್ಲಿ ಮುಕ್ತ ಫಾಂಟೂ ಇದೆ. ಆದರೂ ಶಾಸನಪಾಠವನ್ನು ಚಿತ್ರವಾಗಿ ಅಂಟಿಸುವ ರೂಢಿ ಹೋಗಿಲ್ಲ. ಚಿತ್ರದೊಳಗೆ ಪದವನ್ನು ಹುಡುಕಲಾಗದು, ಪಾಠಾಂತರವನ್ನು ಹೋಲಿಸಲಾಗದು. ‘ಯೂನಿಕೋಡ್-ರೇಂಜ್’ ಎಂಬ ಸೂಚನೆಯಲ್ಲಿ ಬ್ರಾಹ್ಮಿಯ ವ್ಯಾಪ್ತಿಯನ್ನು ಬರೆದಿಟ್ಟರೆ ಆ ಅಕ್ಷರಗಳಿರುವ ಪುಟದಲ್ಲಿ ಮಾತ್ರ ಆ ಫಾಂಟು ಇಳಿಯುತ್ತದೆ, ಉಳಿದ ಪುಟಗಳಿಗೆ ಭಾರವಿಲ್ಲ. ಬಂಡೆಯ ಛಾಯಾಚಿತ್ರ ಸಾಕ್ಷ್ಯಕ್ಕಿರಲಿ, ಅದರ ಕೆಳಗೆ ಪಾಠ ಅಕ್ಷರಗಳಲ್ಲಿರಲಿ.