ಕೃಪೆಯನ್ನು ಪಟ್ಟಿಯಿಂದ ಆರಿಸಬಹುದೇ?

ಬಾರ್ಸಿಲೋನಾದಲ್ಲಿರುವ ನನ್ನ ತಂಗಿಯ ಮಗಳು ಕಳೆದ ತಿಂಗಳು ಫೋನು ಮಾಡಿದ್ದಳು. ಈಗ ಅವಳಿಗೆ ಎಂಟು ತಿಂಗಳು. ಗಂಡು ಮಗುವೆಂದು ಡಾಕ್ಟರು ಹೇಳಿದ್ದಾರೆ, ಅಲ್ಲಿ ಹೇಳಬಹುದು. “ಮಾವ, ಅಜ್ಜನ ಹೆಸರಿಡಬೇಕು ಅಂತ ಆಸೆ. ಆದರೆ ಇಲ್ಲಿಯವರ ಬಾಯಲ್ಲಿ ಅದು ಪುಡಿಪುಡಿ ಆಗುತ್ತೆ. ಅದಕ್ಕೇ ಅದೇ ಅರ್ಥ ಬರೋ ಸ್ಪ್ಯಾನಿಷ್ ಹೆಸರು ಹುಡುಕ್ತಿದ್ದೀವಿ” ಎಂದಳು. ಅಜ್ಜ ಎಂದರೆ ನನ್ನ ಅಪ್ಪ. ಅವರ ಹೆಸರು ‘ಕೃಪಾ’ ಎಂದು ಶುರುವಾಗುತ್ತದೆ. ಅರ್ಧ ಗಂಟೆಯಲ್ಲಿ ಅವಳಿಂದ ಒಂದು ಪಟ್ಟಿ ಬಂತು. ಹ್ವಾನ್: ದೇವರ ಕೃಪೆ. ಅನಾನಿಯಾಸ್: ದೇವರ ಕೃಪೆ. ಅನಿಬಾಲ್: ದೇವರ ಕೃಪೆ. ಗ್ರಾಸಿಯಾನೊ: ಕೃಪೆಯುಳ್ಳವನು. ಕೊನೆಗೆ ಒಂದು ಸಾಲು, “ಯಾವುದು ಚೆನ್ನಾಗಿದೆ ಮಾವ?”

ನಾನು ಸ್ಪ್ಯಾನಿಷ್ ಸಾಹಿತ್ಯವನ್ನು ಬಹುಪಾಲು ಇಂಗ್ಲಿಷಿನ ಕಿಟಕಿಯಿಂದ ನೋಡಿದವನು; ಭಾಷೆ ಅಷ್ಟಿಷ್ಟು ಬರುತ್ತದೆ. ಆದರೂ ಆ ಪಟ್ಟಿ ನೋಡಿ ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಹೆಸರಿನ ಪಕ್ಕ ಒಂದು ಅಡ್ಡಗೆರೆ ಎಳೆದು, ಅದರಾಚೆ ಎರಡು ಪದ ಬರೆದು, ಇದೇ ಇದರ ಅರ್ಥ ಎಂದು ಕೈತೊಳೆದುಕೊಳ್ಳುವ ಆ ಅಭ್ಯಾಸದ ಮೇಲೆ. ಹೆಸರಿಗೆ ಹುಟ್ಟು ಎಂಬುದೊಂದಿರುತ್ತದೆ, ಒಪ್ಪುತ್ತೇನೆ. ಹುಟ್ಟೇ ಅರ್ಥವಲ್ಲ ಎಂಬುದು ನನ್ನ ತಕರಾರು.

ಅನಿಬಾಲ್‌ನನ್ನೇ ತೆಗೆದುಕೊಳ್ಳಿ. ಇದು ನಾವು ಹ್ಯಾನಿಬಲ್ ಎಂದು ಓದಿದ ಕಾರ್ತೇಜಿನ ಸೇನಾನಿಯ ಹೆಸರು. ಕ್ರಿಸ್ತಪೂರ್ವ 219ರಲ್ಲಿ ಇಂದಿನ ಸ್ಪೇನಿನ ಸಗುಂಟೊ ಪಟ್ಟಣಕ್ಕೆ ಮುತ್ತಿಗೆ ಹಾಕಿ ಗೆದ್ದವನು. ಅವನ ಹೆಸರಲ್ಲಿ ಕೃಪೆ ಇರುವುದು ನಿಜ, ದೇವರಿರುವುದೂ ನಿಜ. ಆದರೆ ಆ ದೇವರು ಬಾಳ್. ಹ್ವಾನ್ ಬಂದದ್ದು ಹೀಬ್ರೂವಿನ ಯೋಹಾನಾನ್‌ನಿಂದ; ಅಲ್ಲಿ ಕೃಪೆ ತೋರಿದವನು ಯೆಹೋವ. ಎರಡೂ ಹೆಸರುಗಳ ಕೃಪೆಗೆ ಒಂದೇ ಧಾತು, ಏಕೆಂದರೆ ಹೀಬ್ರೂವೂ ಕಾರ್ತೇಜಿನ ಭಾಷೆಯೂ ದಾಯಾದಿಗಳು. ಆದರೆ ಬೈಬಲಿನ ಹಳೆ ಒಡಂಬಡಿಕೆ ಓದಿದವರಿಗೆ ಯೆಹೋವನ ಪ್ರವಾದಿಗಳು ಬಾಳನ ಪೂಜಾರಿಗಳನ್ನು ಹೇಗೆ ಕಂಡರೆಂದು ಗೊತ್ತು. ಇಬ್ಬರನ್ನೂ ಒಂದೇ ಕಾಲಮ್ಮಿನಲ್ಲಿ ‘ದೇವರ ಕೃಪೆ’ ಎಂದು ಕೂರಿಸಿದ ಪಟ್ಟಿ ಮೂರು ಸಾವಿರ ವರ್ಷದ ಜಗಳವನ್ನು ಒಂದು ಅಡ್ಡಗೆರೆಯಲ್ಲಿ ಮುಗಿಸಿಬಿಟ್ಟಿದೆ! ತಮಾಷೆಯೆಂದರೆ ಲ್ಯಾಟಿನ್ ಅಮೆರಿಕದ ಕ್ಯಾಥೊಲಿಕ್ ಮನೆಗಳು ಮಗನಿಗೆ ಅನಿಬಾಲ್ ಎಂದು ಹೆಸರಿಡಲು ಹಿಂಜರಿದಿಲ್ಲ. ಟ್ಯಾಂಗೊ ಸಂಗೀತದ ಅನಿಬಾಲ್ ತ್ರೊಯ್ಲೊ, ವಸಾಹತುಶಾಹಿಯ ಬಗ್ಗೆ ಬರೆದ ಪೆರುವಿನ ಚಿಂತಕ ಅನಿಬಾಲ್ ಕಿಹಾನೊ, ಇವರ ತಂದೆತಾಯಿ ಬಾಳನಿಗೆ ಹರಕೆ ಹೊತ್ತವರಲ್ಲ. ಅವರಿಗೆ ಕೇಳಿಸಿದ್ದು ಆನೆಗಳೊಂದಿಗೆ ಆಲ್ಪ್ಸ್ ದಾಟಿದವನ ಹೆಸರು.

ಅನಾನಿಯಾಸ್ ವಿಷಯ ಬೇಗ ಮುಗಿಸುತ್ತೇನೆ. ಹೊಸ ಒಡಂಬಡಿಕೆಯಲ್ಲಿ ಒಬ್ಬ ಅನನೀಯ ಕುರುಡನಾಗಿದ್ದ ಪೌಲನಿಗೆ ದೃಷ್ಟಿ ಕೊಡಿಸುತ್ತಾನೆ. ಇನ್ನೊಬ್ಬ ಅನನೀಯ ಹೊಲ ಮಾರಿದ ಹಣದಲ್ಲಿ ಸುಳ್ಳು ಹೇಳಿ ಅಪೊಸ್ತಲರ ಕಾಲ ಬಳಿ ಸತ್ತುಬೀಳುತ್ತಾನೆ. ಪಟ್ಟಿಯಲ್ಲಿರುವವನು ಯಾರು?

ಇನ್ನು ಗ್ರಾಸಿಯಾ ಎಂಬ ಪದ. ದೇವರ ಕೃಪೆ ಗ್ರಾಸಿಯಾ, ರಾಜ ಮರಣದಂಡನೆ ಮನ್ನಿಸಿದರೆ ಅದೂ ಗ್ರಾಸಿಯಾ. ನಡಿಗೆಯ ಲಾಲಿತ್ಯ, ಮಾತಿನಲ್ಲಿ ನಗಿಸುವ ಗುಣ, ಎರಡಕ್ಕೂ ಅದೇ ಪದ. ಬಹುವಚನ ಮಾಡಿದರೆ ಥ್ಯಾಂಕ್ಸ್. ಹದಿನೇಳನೇ ಶತಮಾನದ ಸ್ಪ್ಯಾನಿಷ್ ನಾಟಕದಲ್ಲಿ ಯಜಮಾನನ ಹಿಂದೆ ತಿರುಗುತ್ತ ಪ್ರೇಕ್ಷಕರನ್ನು ನಗಿಸುವ ಆಳಿಗೆ ‘ಗ್ರಾಸಿಯೋಸೊ’ ಎನ್ನುತ್ತಾರೆ. ಇದೆಲ್ಲಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ಹಳೆಯ ಕಾಲದ ಸ್ಪ್ಯಾನಿಷ್ ಮರ್ಯಾದೆಯಲ್ಲಿ ಅಪರಿಚಿತರ ಹೆಸರು ಕೇಳುವುದು “ತಮ್ಮ ಗ್ರಾಸಿಯಾ ಯಾವುದು?” ಎಂದು. ಹಿಂದಿಯವರು ‘ಶುಭನಾಮ’ ಕೇಳುವ ಹಾಗೆ. ದೀಕ್ಷಾಸ್ನಾನದಲ್ಲಿ ಮಗುವಿಗೆ ಹೆಸರೂ ಕೃಪೆಯೂ ಒಂದೇ ನೀರಿನಲ್ಲಿ ಸಿಗುತ್ತವೆಂದು ನಂಬಿದ ಸಮಾಜದಲ್ಲಿ ಈ ಪ್ರಶ್ನೆ ಸಹಜವೇ. ಅಂದರೆ ಆ ಭಾಷೆಯಲ್ಲಿ ಪೇದ್ರೊನೂ ಕೃಪೆ, ಲೂಯಿಸ್‌ನೂ ಕೃಪೆ. ‘ಕೃಪೆ ಎಂಬ ಅರ್ಥದ ಹೆಸರು ಬೇಕು’ ಎನ್ನುವುದು ‘ಹೆಸರು ಎಂಬ ಅರ್ಥದ ಹೆಸರು ಬೇಕು’ ಎಂದಂತಾಯಿತು.

(ಕಿವಿಯನ್ನು ನಂಬಿದರೂ ಕಷ್ಟವೇ. ಗಾರ್ಸಿಯಾ ಮಾರ್ಕೆಸ್, ಗಾರ್ಸಿಯಾ ಲೋರ್ಕಾ ಎಂದು ನಾವು ದಿನಾ ಅನ್ನುವ ಗಾರ್ಸಿಯಾದಲ್ಲಿ ಗ್ರಾಸಿಯಾ ಇಲ್ಲ. ಅದು ಹಿಂದೆ ನವಾರ್ರಾದ ರಾಜರಿಗಿದ್ದ ಹೆಸರು, ಬಾಸ್ಕ್ ಮೂಲದ್ದೆಂದು ಹೇಳುವವರು ಹೆಚ್ಚು. ಕರಡಿ ಎಂಬರ್ಥದ ಪದಕ್ಕೆ ಅದನ್ನು ಜೋಡಿಸುವವರೂ ಇದ್ದಾರೆ. ಸ್ಪೇನಿನ ಅಂಗಡಿಗಳಲ್ಲಿ ವ್ಯಾಪಾರ ಕುದುರಲೆಂದು ಸೊಪ್ಪಿನ ಕಡ್ಡಿ ಸಿಕ್ಕಿಸಿ ಇಡುವ ಸಂತ ಪಾಂಕ್ರಾಸಿಯೊನ ಹೆಸರಲ್ಲೂ ಕೃಪೆಯಿಲ್ಲ. ಅದು ಗ್ರೀಕ್, ಸರ್ವಶಕ್ತ ಎಂದು.)

ಹ್ವಾನ್‌ಗೆ ಬರೋಣ. ‘ದೇವರು ಕೃಪೆ ತೋರಿದ್ದಾನೆ.’ ಸರಿ, ಯಾರಿಗೆ ತೋರಿದ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ವೆಲಾಸ್ಕೆಸ್ 1650ರಲ್ಲಿ ಬರೆದ ಒಂದು ಭಾವಚಿತ್ರವಿದೆ. ಕಪ್ಪು ಗಡ್ಡ, ಬಿಳಿ ಕಸೂತಿ ಕೊರಳಪಟ್ಟಿ, ನೋಡುವವರನ್ನು ತಲೆಯೆತ್ತಿ ನೋಡುವ ಕಣ್ಣು. ಅವನು ಹ್ವಾನ್ ದೆ ಪಾರೆಹಾ. ಆ ಚಿತ್ರ ಬರೆಯುವಾಗ ಅವನು ವೆಲಾಸ್ಕೆಸ್‌ನ ಗುಲಾಮ. ರೋಮಿನಲ್ಲಿ ಜನ ಆ ಚಿತ್ರ ನೋಡಿ ಬೆರಗಾದರು. ಚಿತ್ರದಲ್ಲಿದ್ದವನು ಮಾತ್ರ ಯಜಮಾನನ ಸ್ವತ್ತಾಗಿಯೇ ಇದ್ದ. ಅದೇ ವರ್ಷದ ನವೆಂಬರಿನಲ್ಲಿ ವೆಲಾಸ್ಕೆಸ್ ಅವನ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದ. ಅದಕ್ಕೂ ಒಂದು ಷರತ್ತು: ಇನ್ನೂ ನಾಲ್ಕು ವರ್ಷ ದುಡಿಯಬೇಕು. ಗುಲಾಮನನ್ನು ಇಷ್ಟು ವರ್ಷ ‘ದೇವರ ಕೃಪೆ’ ಎಂದು ಕೂಗಿ ಕರೆದು ಬಣ್ಣ ಅರೆಸಿದ ಮನೆಯಲ್ಲಿ ಯಾರಿಗೂ ಆ ಹೆಸರಿನ ಅರ್ಥ ಕೇಳಿಸಿರಲಿಕ್ಕಿಲ್ಲ. ಪಾರೆಹಾ ಮುಂದೆ ತಾನೇ ಚಿತ್ರಕಾರನಾದ. 1661ರಲ್ಲಿ ಬರೆದ, ಈಗ ಮ್ಯಾಡ್ರಿಡಿನ ಪ್ರಾದೊದಲ್ಲಿರುವ ದೊಡ್ಡ ಚಿತ್ರದ ಎಡಬದಿಯಲ್ಲಿ ತನ್ನನ್ನೇ ನಿಲ್ಲಿಸಿಕೊಂಡಿದ್ದಾನೆ. ಕೈಯಲ್ಲೊಂದು ಚೀಟಿ, ಚೀಟಿಯ ಮೇಲೆ ಅವನದೇ ಹೆಸರು. ಹ್ವಾನ್ ಎಂಬುದರ ಅರ್ಥ ನನಗೆ ಯಾರಾದರೂ ಕೇಳಿದರೆ ಆ ಚೀಟಿಯನ್ನು ತೋರಿಸುತ್ತೇನೆ.

ಗ್ರಾಸಿಯಾನೊ ಎಂದರೆ ನನಗೆ ನೆನಪಾಗುವವನು ಫಿಲಿಪೀನ್ಸಿನ ಗ್ರಾಸಿಯಾನೊ ಲೋಪೆಸ್ ಹಾಯೆನಾ. 1856ರಲ್ಲಿ ಹುಟ್ಟಿದ. ತಾಯಿಗೆ ಮಗ ಪಾದ್ರಿಯಾಗಲಿ ಎಂಬ ಆಸೆ. ಮಗ ಪಾದ್ರಿಗಳ ಹೊಟ್ಟೆಬಾಕತನವನ್ನು ಲೇವಡಿ ಮಾಡಿ ‘ಫ್ರೈ ಬೊತೊದ್’ ಬರೆದ. ಬೊತೊದ್ ಎಂದರೆ ಡೊಳ್ಳುಹೊಟ್ಟೆ. ಊರಲ್ಲಿ ಉಳಿಯಲಾಗದೆ ಸ್ಪೇನಿಗೆ ಬಂದು, ನನ್ನ ಸೋದರ ಸೊಸೆ ಈಗಿರುವ ಅದೇ ಬಾರ್ಸಿಲೋನಾದಲ್ಲಿ 1889ರಲ್ಲಿ ‘ಲಾ ಸೊಲಿದಾರಿದಾದ್’ ಪತ್ರಿಕೆ ಶುರುಮಾಡಿ, ಅದೇ ಊರಿನಲ್ಲಿ 1896ರಲ್ಲಿ ಕ್ಷಯದಿಂದ ಬಡವನಾಗಿ ಸತ್ತ. ‘ಕೃಪೆಯುಳ್ಳವನು’! ಅವನ ನಾಡಿಗೆ ಹೆಸರಿನ ಪಟ್ಟಿಗಳ ರುಚಿ ಚೆನ್ನಾಗಿ ಗೊತ್ತಿತ್ತು. 1849ರಲ್ಲಿ ಅಲ್ಲಿಯ ಸ್ಪ್ಯಾನಿಷ್ ಗವರ್ನರ್ ಕ್ಲಾವೆರಿಯಾ ಅಕ್ಷರಾನುಕ್ರಮದ ಒಂದು ಪಟ್ಟಿ ಮಾಡಿಸಿ, ಊರೂರಿಗೆ ಪುಟಗಳನ್ನು ಹಂಚಿ, ಜನ ಅದರಿಂದ ಮನೆತನದ ಹೆಸರು ಆರಿಸಿಕೊಳ್ಳಬೇಕೆಂದು ಆಜ್ಞೆ ಮಾಡಿದ. ತೆರಿಗೆ ಲೆಕ್ಕಕ್ಕೆ ಸಲೀಸಾಗಲೆಂದು. ಕೆಲವು ಊರುಗಳಲ್ಲಿ ಇವತ್ತಿಗೂ ಎಷ್ಟೋ ಮನೆಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗುವುದು ಇದರಿಂದಲೇ. ಪಟ್ಟಿಯನ್ನು ನಾವು ನಿರುಪದ್ರವಿ ಎಂದುಕೊಂಡಿದ್ದೇವೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮಾತು. ಕಥೆ ಬರೆಯುವವರು ಪಾತ್ರಕ್ಕೆ ಹೆಸರು ಹುಡುಕಲು, ವಿಮರ್ಶೆ ಬರೆಯುವವರು ಪಾತ್ರದ ಬೀಗ ತೆಗೆಯಲು ಇಂಥ ಪಟ್ಟಿಗಳಿಗೇ ಕೈಹಾಕುವುದನ್ನು ನೋಡುತ್ತಿದ್ದೇನೆ. ಡಾನ್ ಹ್ವಾನ್ ಏನಾಗುತ್ತಾನೆ ಆಗ? ತಿರ್ಸೊ ದೆ ಮೊಲಿನಾನದೆಂದು ಹೇಳುತ್ತ ಬಂದಿರುವ, 1630ರಲ್ಲಿ ಅಚ್ಚಾದ ನಾಟಕದಲ್ಲಿ ಅವನು ಹೆಣ್ಣುಗಳನ್ನು ಮೋಸಗೊಳಿಸುತ್ತ ಹೋಗುತ್ತಾನೆ. ದೇವರ ಲೆಕ್ಕ ಬಾಕಿಯಿದೆ ಎಂದವರಿಗೆಲ್ಲ ಇನ್ನೂ ಬೇಕಾದಷ್ಟು ಸಮಯವಿದೆ ಎನ್ನುತ್ತಾನೆ. ಕೊನೆಗೆ ಕಲ್ಲಿನ ಮೂರ್ತಿ ಕೈಹಿಡಿದಾಗ ಪಾಪನಿವೇದನೆಗೆ ಪಾದ್ರಿಯನ್ನು ಕರೆಸಲು ಬೇಡುತ್ತಾನೆ. ತಡವಾಯಿತು ಎಂಬ ಉತ್ತರ ಬರುತ್ತದೆ. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆ ನೀರಿಗೂ ಗತಿಯಿಲ್ಲ! 1844ರಲ್ಲಿ ಸೊರ್ರಿಯಾ ಅದೇ ಕಥೆಯನ್ನು ಮತ್ತೆ ಬರೆದಾಗ ದೋನ್ಯಾ ಇನೆಸಳ ಪ್ರೀತಿ ಅವನನ್ನು ಕೊನೆಯ ಗಳಿಗೆಯಲ್ಲಿ ಉಳಿಸುತ್ತದೆ. ಹೆಸರು ಒಂದೇ, ಕೃಪೆ ಒಂದು ನಾಟಕದಲ್ಲಿ ಸಿಗುವುದಿಲ್ಲ, ಇನ್ನೊಂದರಲ್ಲಿ ಸಿಗುತ್ತದೆ. ನಡುವಿನ ಇನ್ನೂರು ವರ್ಷದಲ್ಲಿ ಬದಲಾದದ್ದು ಏನು ಎಂಬುದು ಕೇಳಬೇಕಾದ ಪ್ರಶ್ನೆ. ಹೆಸರಿನ ಹುಟ್ಟು ಅದಕ್ಕೆ ಉತ್ತರ ಹೇಳುವುದಿಲ್ಲ. ಹ್ವಾನ್ ರುಲ್ಫೊನ ‘ಪೇದ್ರೊ ಪಾರಮೊ’ ಕಾದಂಬರಿಯಲ್ಲಿ ಹ್ವಾನ್ ಪ್ರೆಸಿಯಾದೊ ಇದ್ದಾನೆ, ಸುಸಾನಾ ಸಾನ್ ಹ್ವಾನ್ ಇದ್ದಾಳೆ, ಜೊತೆಗೆ ದುಡ್ಡಿದ್ದವರಿಗೆ ಆಶೀರ್ವಾದ ಕೊಟ್ಟು ಕೊನೆಗೆ ತನಗೇ ಪಾಪಕ್ಷಮೆ ಸಿಗದೆ ಒದ್ದಾಡುವ ಪಾದ್ರಿಯೂ ಇದ್ದಾನೆ. ಅಲ್ಲಿ ಆ ಹೆಸರುಗಳು ಚುಚ್ಚಬಹುದು. ಆದರೆ ಕೊಮಾಲಾದ ಧೂಳಿನಲ್ಲಿ ಓಡಾಡಿ ಬಂದವರಿಗೆ ಮಾತ್ರ.

ನನ್ನ ಸೋದರ ಸೊಸೆಗೆ ನಾನು ಮುಖ್ಯವಾಗಿ ಹೇಳಿದ್ದು ಇದ್ಯಾವುದನ್ನೂ ಅಲ್ಲ. ಅವಳು ಇರುವ ಊರಿನಲ್ಲಿ ಹ್ವಾನ್ ಎಂಬ ಸಂತನಿಗೆ ಇನ್ನೊಂದು ಹೆಸರಿದೆ: ಕತಲಾನ್ ಭಾಷೆಯ ಜುವಾನ್. (ಪೋರ್ಚುಗೀಸರಿಂದ ಬಂದ ನಮ್ಮ ಕೊಂಕಣಿ ಕ್ರೈಸ್ತರ ಜುವಾಂವ್ ಅದಕ್ಕೆ ಎಷ್ಟು ಹತ್ತಿರ ನೋಡಿ.) ಬಾಸ್ಕರಲ್ಲಿ ಅವನು ಯೋನ್, ಗಲಿಸಿಯಾದಲ್ಲಿ ಶೊಆನ್. ಎಲ್ಲ ಒಬ್ಬನೇ ಯೋಹಾನ, ಎಲ್ಲಕ್ಕೂ ಅದೇ ಕೃಪೆ. ಅಂತರ್ಯುದ್ಧ ನಡೆಯುತ್ತಿದ್ದ 1938ರಲ್ಲಿ ಫ್ರಾಂಕೊನ ಸರ್ಕಾರ ಸ್ಪ್ಯಾನಿಷ್ ಅಲ್ಲದ ಹೆಸರುಗಳನ್ನು ಜನನ ನೋಂದಣಿಯಲ್ಲಿ ಬರೆಯಕೂಡದೆಂದು ಆಜ್ಞೆ ಹೊರಡಿಸಿತು. ಅಂದಿನಿಂದ ಮನೆಯಲ್ಲಿ ಜುವಾನ್, ಕಾಗದದಲ್ಲಿ ಹ್ವಾನ್. ಫ್ರಾಂಕೊ ಸತ್ತ ಮೇಲೆ, 1977ರ ಜನವರಿಯಲ್ಲಿ ಕಾನೂನು ಬದಲಾಗುವವರೆಗೂ ಅದೇ ಪಾಡು. ಅರ್ಥವೇ ಹೆಸರಾಗಿದ್ದರೆ ಆ ಆಜ್ಞೆ ಹುಚ್ಚಾಟ ಅನ್ನಿಸಬೇಕಿತ್ತು. ಒಂದೇ ಅರ್ಥದ ಎರಡು ಹೆಸರಲ್ಲಿ ಯಾವುದಿದ್ದರೇನು? ಫ್ರಾಂಕೊಗೆ ಪಟ್ಟಿ ಮಾಡುವವರಿಗಿಂತ ಹೆಚ್ಚು ತಿಳಿದಿತ್ತು. ಹೆಸರೆಂದರೆ ಯಾರು ಯಾವ ಭಾಷೆಯಲ್ಲಿ ನಿನ್ನನ್ನು ಊಟಕ್ಕೆ ಕರೆಯುತ್ತಾರೆ ಎಂಬುದು ಅಂತ.

“ಹಾಗಾದ್ರೆ ಮಗೂಗೆ ಒಳ್ಳೆ ಅರ್ಥ ಇರೋ ಹೆಸರು ಇಡೋದೇ ತಪ್ಪಾ?” ಎಂದಳು. ತಪ್ಪಲ್ಲ. ನಾವೂ ಇಡುತ್ತೇವೆ. ನಕ್ಷತ್ರದ ಅಕ್ಷರ ನೋಡುತ್ತೇವೆ, ಅವರು ಹುಟ್ಟಿದ ದಿನದ ಸಂತನನ್ನು ನೋಡುತ್ತಿದ್ದರು. ಆದರೆ ಅವಳು ಕೇಳಿದ್ದು ಒಳ್ಳೆಯ ಅರ್ಥವನ್ನಲ್ಲ, ಅಜ್ಜನನ್ನು. ಅಜ್ಜನನ್ನು ನಿಘಂಟಿನಲ್ಲಿ ಹಾಕಿ ಕುದಿಸಿ, ಉಳಿದ ‘ಕೃಪೆ’ಯನ್ನು ಬೇರೆ ಭಾಷೆಯ ಬಾಟಲಿಗೆ ತುಂಬಲು ಹೊರಟಿದ್ದಳು.

ಆಗ ನಾನು ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕಾಯಿತು. ಅಪ್ಪನಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳು ಉಳಿಯಲಿಲ್ಲ. ನಾಲ್ಕನೆಯ ಕೂಸನ್ನು ಅಜ್ಜಿ ಮೊರದಲ್ಲಿಟ್ಟು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿದಳು. ಪಕ್ಕದ ಮನೆಯಾಕೆ ಎತ್ತಿ ತಂದುಕೊಟ್ಟಳು. ಯಾರಿಗೂ ಬೇಡದ್ದು, ಸಾವಿಗೂ ಬೇಡವಾಗಲಿ ಎಂದು ಅವನಿಗೆ ತಿಪ್ಪ ಎಂದು ಹೆಸರಿಟ್ಟರು. ಆರನೇ ವಯಸ್ಸಿಗೆ ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಆ ಹೆಸರು ಬರೆಯಲು ಒಪ್ಪಲಿಲ್ಲವಂತೆ. ಚೆಂದದ ಅರ್ಥದ್ದೊಂದು ಇರಲಿ ಎಂದು ರಿಜಿಸ್ಟರಿಗೆ ‘ಕೃಪಾ’ದ ಹೆಸರು ಹಾಕಿದವರು ಅವರು. ಅಪ್ಪ ರಿಟೈರಾಗುವವರೆಗೆ ಅದರಲ್ಲೇ ಸಹಿ ಹಾಕಿದರು. ಅಜ್ಜಿ ಮಾತ್ರ ಸಾಯುವ ದಿನದವರೆಗೂ ತಿಪ್ಪ ಎಂದೇ ಕರೆದಳು.

ಫೋನಿನಾಚೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವಳು ಗಂಡನಿಗೆ ಕೇಳಿಸುವಂತೆ ಎರಡು ಸಲ ಆ ಹೆಸರು ಹೇಳಿ ನೋಡಿದಳು.

“ಇದನ್ನ ಹೇಳೋಕೆ ಇಲ್ಲಿಯವರಿಗೆ ಏನೂ ಕಷ್ಟ ಇಲ್ಲ ಮಾವ” ಎಂದಳು. “ಆದರೆ ಅತ್ತೆ ಒಪ್ಪಲ್ಲ.”