ಕ್ಲೋರಿನ್ ಬೇಕು, ಕೆಸರಿನ ಮೇಲಲ್ಲ

ರೋಣ ತಾಲ್ಲೂಕಿನ ಬೆಳವಣಕಿ ಹಾಗೂ ಸುತ್ತಲಿನ ಎರೆಭೂಮಿಯ ಊರುಗಳಿಗೆ ಕುಡಿಯುವ ನೀರು ಎಂದೂ ಸುಲಭವಾಗಿ ದಕ್ಕಿದ್ದಲ್ಲ. ಗದಗ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿತ್ತು. ಹೀಗಾಗಿ ರೋಣ, ನರಗುಂದ, ಗಜೇಂದ್ರಗಡ ಭಾಗಕ್ಕೆ ಬಹುಗ್ರಾಮ ಯೋಜನೆಯ ಮೂಲಕ ಮಲಪ್ರಭೆಯ ನೀರನ್ನು ತರುವುದು ಅನಿವಾರ್ಯವಾಯಿತು. ಆದರೆ ನೀರಿನ ಮೂಲ ಬದಲಾದಾಗ ಅಪಾಯದ ಸ್ವರೂಪವೂ ಬದಲಾಗುತ್ತದೆ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ.

ಆಳದ ಅಂತರ್ಜಲದಲ್ಲಿ ಸಾವಯವ ಪದಾರ್ಥ ಕಡಿಮೆ. ಜಲಾಶಯದ ನೀರಿನಲ್ಲಾದರೋ ಕೊಳೆತ ಎಲೆ, ಪಾಚಿ, ಹೊಲಗದ್ದೆಗಳಿಂದ ಹರಿದುಬಂದ ಕಸದ ಸಾರ ಬೆರೆತಿರುತ್ತದೆ. ಕ್ಲೋರಿನ್ ಇದರೊಡನೆ ಸೇರಿದಾಗ ಕ್ಲೋರೊಫಾರ್ಮ್ ಮೊದಲಾದ ಟ್ರೈಹ್ಯಾಲೊಮೀಥೇನ್‌ಗಳು ಹುಟ್ಟುತ್ತವೆ. 1974ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ಯೊಹಾನೆಸ್ ರೂಕ್ ಇದನ್ನು ತೋರಿಸಿಕೊಟ್ಟರು. ಬಿಸಿಲು ಹೆಚ್ಚಿದಂತೆ, ನೀರು ಕೊಳವೆ ಮತ್ತು ಟ್ಯಾಂಕುಗಳಲ್ಲಿ ಹೆಚ್ಚು ಹೊತ್ತು ನಿಂತಂತೆ ಇವುಗಳ ಪ್ರಮಾಣವೂ ಏರುತ್ತದೆ. ದೀರ್ಘಕಾಲದ ಸೇವನೆಗೂ ಮೂತ್ರಕೋಶದ ಕ್ಯಾನ್ಸರಿಗೂ ನಂಟಿರಬಹುದೆಂದು ಹಲವು ಅಧ್ಯಯನಗಳು ಸೂಚಿಸಿವೆ. ಕಾರ್ಯಕಾರಣ ಸಂಬಂಧ ಇನ್ನೂ ಖಚಿತವಾಗಿಲ್ಲ.

ಹಾಗೆಂದು ಕ್ಲೋರಿನ್ನನ್ನೇ ಕೈಬಿಡಬೇಕೆಂದು ವಾದಿಸುವುದು ಆತ್ಮಘಾತುಕವಾದೀತು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದನ್ನು ಮರೆಯಲಾಗದು. ರೋಗಾಣು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಉಪೋತ್ಪನ್ನಗಳ ಅಪಾಯ ದಶಕಗಳದ್ದು, ಪ್ರಮಾಣದಲ್ಲಿಯೂ ತೀರ ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಇದೇ: ಉಪೋತ್ಪನ್ನಗಳ ಭಯದಿಂದ ಸೋಂಕುನಿವಾರಣೆಯಲ್ಲಿ ರಾಜಿ ಸಲ್ಲದು.

ಆದ್ದರಿಂದ ನನ್ನ ದೃಷ್ಟಿಯಲ್ಲಿ ಪ್ರಶ್ನೆ ಇರುವುದು ಕ್ಲೋರಿನ್ ಬೇಕೋ ಬೇಡವೋ ಎಂಬುದರಲ್ಲಲ್ಲ, ಅದನ್ನು ಯಾವ ಹಂತದಲ್ಲಿ ಬೆರೆಸಬೇಕೆಂಬುದರಲ್ಲಿ. ಸ್ಫಟಿಕ ಹಾಕಿ ಕೆಸರು ತಂಗಿಸಿ, ಮರಳಿನಲ್ಲಿ ಸೋಸಿ, ಸಾವಯವ ಅಂಶವನ್ನು ಮೊದಲು ತಗ್ಗಿಸಬೇಕು, ಅನಂತರವೇ ಕ್ಲೋರಿನ್. ಕದಡಿದ ನೀರಿಗೆ ಬ್ಲೀಚಿಂಗ್ ಪುಡಿ ಸುರಿದು ಕರ್ತವ್ಯ ಮುಗಿಯಿತೆನ್ನುವುದು ಎರಡು ಬಗೆಯಲ್ಲಿ ಹಾನಿಕರ. ರೋಗಾಣು ಕೆಸರಿನ ಮರೆಯಲ್ಲಿ ಉಳಿಯುತ್ತದೆ, ಉಪೋತ್ಪನ್ನವೂ ಹೆಚ್ಚುತ್ತದೆ.

ಭಾರತೀಯ ಮಾನಕ 10500ರ 2012ರ ಆವೃತ್ತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆನ್ನುತ್ತದೆ, ಕ್ಲೋರೊಫಾರ್ಮ್ 0.2 ಮಿಲಿಗ್ರಾಂ ಮೀರಬಾರದೆಂದೂ ವಿಧಿಸುತ್ತದೆ. ಮೊದಲನೆಯದನ್ನು ಗ್ರಾಮ ಪಂಚಾಯಿತಿಯ ಪರೀಕ್ಷಾ ಕಿಟ್‌ನಿಂದಲೇ ಅಳೆಯಬಹುದು. ಎರಡನೆಯದಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇರುವ ಪ್ರಯೋಗಾಲಯ ಬೇಕು. ಪ್ರತಿ ಹಳ್ಳಿಯಲ್ಲಿ ಅದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಮಳೆಗಾಲದ ಕೆಂಪು ನೀರು ಬಂದಾಗ ಮತ್ತು ಕಡು ಬೇಸಿಗೆಯಲ್ಲಿ, ಶುದ್ಧೀಕರಣ ಘಟಕದಿಂದಲೂ ಕೊಳವೆಮಾರ್ಗದ ಕಟ್ಟಕಡೆಯ ಊರಿನ ನಲ್ಲಿಯಿಂದಲೂ ಮಾದರಿ ತೆಗೆದು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಿದರೆ ಸಾಕು.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಮನೆಮನೆಗೆ ನಲ್ಲಿಯ ಗುರಿ ಇಟ್ಟುಕೊಂಡಿತು. ಆ ನಲ್ಲಿಯಲ್ಲಿ ಬರುವ ನೀರು ಎಂಥದೆಂದು ತಿಳಿಯುವ ಹಕ್ಕು ನಗರದವರಿಗೆ ಎಷ್ಟಿದೆಯೋ ಬೆಳವಣಕಿಯವರಿಗೂ ಅಷ್ಟೇ ಇದೆ.