ಆಫೀಸ್‌ಗೆ ಹೆಡ್‌ಫೋನ್ ತಗೋತೀರಾ? ಬಾಸ್ ಆಮೇಲೆ ನೋಡಿ, ಮೊದ್ಲು ಕಿವಿ ಮುಚ್ಚುತ್ತಾ ನೋಡಿ

(1/4)
ಫೋಟೋದಲ್ಲಿರೋ ಹೆಡ್‌ಫೋನ್ ನೋಡಿ "ಇಷ್ಟು ಚಿಕ್ಕದಾ?" ಅಂತ ನಗಬೇಡಿ. ಇದಕ್ಕೋಸ್ಕರ ಎರಡು ಶನಿವಾರ ಎಸ್‌ಪಿ ರೋಡ್ ಸುತ್ತಿದೀನಿ. ಇಂಟರ್ನ್‌ಶಿಪ್ ಶುರುವಾದ ಮೇಲೆ ನಮ್ಮ ಕ್ಲಾಸಲ್ಲೇ ತುಂಬಾ ಜನ "ಯಾವ ಹೆಡ್‌ಫೋನ್ ತಗೊಳ್ಳಲಿ" ಅಂತ ಕೇಳ್ತಿದೀರ. ಅದಕ್ಕೇ ಈ ಉದ್ದ ಕ್ಯಾಪ್ಶನ್.

ನಾನಿರೋದು ಒಂದು ಆಡಿಟ್ ಆಫೀಸ್‌ನಲ್ಲಿ. ಒಂದೇ ಉದ್ದ ಟೇಬಲ್, ಆರು ಜನ, ತಲೆ ಮೇಲೆ ಕಿರುಗುಟ್ಟೋ ಫ್ಯಾನು. ಮನೇಲಿದ್ದ ಫೋಮ್ ಪ್ಯಾಡ್‌ನ ಹಳೇ ಹೆಡ್‌ಫೋನ್ ಹಾಕ್ಕೊಂಡು ಬಿಲ್ ಎಂಟ್ರಿ ಮಾಡ್ತಿದ್ದೆ. ಮೂರನೇ ವಾರ ಪಕ್ಕದಲ್ಲಿದ್ದ ಸೀನಿಯರ್ ಮೇಡಂ ಮೆಲ್ಲಗೆ ಭುಜ ಮುಟ್ಟಿ, "ಏನಮ್ಮಾ, ಆ ಹಾಡು ನಂಗೂ ಬಾಯಿಪಾಠ ಆಗೋಗಿದೆ. ಇವತ್ತಾದ್ರೂ ಬೇರೆ ಹಾಕು" ಅಂದ್ರು. ಎಲ್ರೂ ನಕ್ಕರು, ನಾನೂ ನಕ್ಕೆ. ಆದ್ರೆ ಮೂರು ವಾರ ಅವರು ಆ ಚಿಕ್ ಚಿಕ್ ಸದ್ದು ಸಹಿಸ್ಕೊಂಡು ಕೆಲಸ ಮಾಡಿದಾರೆ ಅಂತ ಹೊಳೆದಾಗ ನಾಚಿಕೆ ಆಯ್ತು.

ತಪ್ಪು ಹಾಡಿನದಲ್ಲ, ಹೆಡ್‌ಫೋನ್ ಜಾತಿಯದು. ಓಪನ್ ಹೆಡ್‌ಫೋನ್‌ನಲ್ಲಿ ಸ್ಪೀಕರ್ ಹಿಂಭಾಗ ತೆರೆದಿರುತ್ತೆ. ಸದ್ದು ನಿಮ್ಮ ಕಿವಿಗೂ ಹೋಗುತ್ತೆ, ಪಕ್ಕದವರಿಗೂ ಹೋಗುತ್ತೆ. ಕ್ಲೋಸ್ಡ್‌ನಲ್ಲಿ ಹಿಂದೆ ಗಟ್ಟಿ ಕಪ್ ಮುಚ್ಚಿರುತ್ತೆ. ಗಾತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ. 1984ರಲ್ಲಿ ಬಂದ ಕಾಸ್ ಪೋರ್ಟಾ ಪ್ರೋ ಅಂಗೈಯಷ್ಟಕ್ಕೆ ಮಡಚುತ್ತೆ, ಇವತ್ತಿಗೂ ಅದಕ್ಕೆ ಅಭಿಮಾನಿಗಳಿದಾರೆ. ಆದ್ರೆ ಅದು ಓಪನ್. ಮನೆಗೆ ಸರಿ, ಹಂಚಿಕೊಂಡ ಟೇಬಲ್‌ಗಲ್ಲ.

(2/4)
"ಹಾಗಾದ್ರೆ ದೊಡ್ಡ ಎಎನ್‌ಸಿ ಹೆಡ್‌ಫೋನ್ ತಗೊಂಡ್ರೆ ಮುಗೀತಲ್ಲ?" ಅಂತೀರಿ. ಇಲ್ಲೇ ನನ್ನ ತಕರಾರು.

ಎಎನ್‌ಸಿ ಚೆನ್ನಾಗಿ ಅಳಿಸೋದು ಒಂದೇ ಸಮ ಬರೋ ತಗ್ಗು ಸದ್ದನ್ನ: ಎಸಿ ಗುಂಯ್, ಬಸ್ಸಿನ ಎಂಜಿನ್. ಮಾತು, ಕೀಬೋರ್ಡ್ ಟಕಟಕ, ಸ್ಟೇಪ್ಲರ್ ಇವೆಲ್ಲ ಅಷ್ಟು ಸುಲಭಕ್ಕೆ ಹೋಗಲ್ಲ. ಅಂಥ ಏರು ಸದ್ದನ್ನ ತಡೆಯೋಕೆ ಚೆನ್ನಾಗಿ ಕೂರೋ ಪ್ಯಾಡೇ ಗಟ್ಟಿ. ದಿನಾ ಎರಡು ಗಂಟೆ ಬಸ್ಸಲ್ಲಿ ಕೂರೋರು ಎಎನ್‌ಸಿ ತಗೊಳ್ಳಿ, ನಾನು ಬೇಡ ಅನ್ನಲ್ಲ. ಬರೀ ಆಫೀಸ್‌ಗೆ ಅಂದ್ರೆ ಅಷ್ಟು ದುಡ್ಡು ಹಾಕೋದು ದಂಡ.

ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಇದೇ ಮುಖ್ಯ. ನಾವು ಆಫೀಸ್‌ಗೆ ಹೋಗೋದು ಕಲಿಯೋಕೆ. ಕ್ಲೈಂಟ್ ಫೋನ್ ಮಾಡಿ ಕೂಗಾಡಿದಾಗ ಮೇಡಂ ಹೇಗೆ ಸಮಾಧಾನ ಮಾಡ್ತಾರೆ, ಒಂದು ಬಿಲ್ ನೋಡಿದ ಕೂಡ್ಲೇ ಸರ್ ಯಾಕೆ ಹುಬ್ಬು ಗಂಟಿಕ್ತಾರೆ, ಇದು ಯಾವ ಟೆಕ್ಸ್ಟ್ ಬುಕ್ಕಲ್ಲೂ ಇಲ್ಲ. ಪಕ್ಕದಲ್ಲಿ ಕೂತು ಕೇಳಿಸ್ಕೊಂಡ್ರೆ ಸಿಗೋ ವಿದ್ಯೆ ಅದು. ಪ್ರಪಂಚವನ್ನೇ ಮ್ಯೂಟ್ ಮಾಡಿ ಕೂತ್ರೆ ಸ್ಟೈಪೆಂಡ್ ಸಿಗುತ್ತೆ, ಕೆಲಸ ಬರಲ್ಲ.

ಅದಕ್ಕೇ ನಂಗೆ ಪುಟ್ಟ ಕ್ಲೋಸ್ಡ್ ಹೆಡ್‌ಫೋನ್ ಇಷ್ಟ. ಕಿವಿ ಮೇಲೆ ಕೂರುತ್ತೆ, ಗದ್ದಲ ಅರ್ಧಕ್ಕಿಳಿದಂಗಾಗುತ್ತೆ, ಹೆಸರು ಕರೆದ್ರೆ ಕೇಳುತ್ತೆ. ಒಂದು ಕಪ್ ಹಿಂದೆ ತಳ್ಳಿದ್ರೆ ಒಂದು ಕಿವಿ ಫ್ರೀ. ಸೆನ್‌ಹೈಸರ್ ಎಚ್‌ಡಿ 25 ಅಂತ ಒಂದಿದೆ, 1988ರಲ್ಲಿ ಬಂದಿದ್ದು, ತೂಕ ಸುಮಾರು 140 ಗ್ರಾಂ. ಒಂದು ಕಿವಿ ಕಪ್ ಪಕ್ಕಕ್ಕೆ ತಿರುಗುತ್ತೆ, ಡಿಜೆಗಳ ಅಚ್ಚುಮೆಚ್ಚು. ಅದರ ಬೆಲೆ ನಮ್ಮ ಸ್ಟೈಪೆಂಡ್‌ಗೆ ಭಾರ, ಆದ್ರೆ ಐಡಿಯಾ ಅದೇ. ನಮ್ಮ ಬಜೆಟ್‌ನಲ್ಲಿ ಸೋನಿ ಝಡ್‌ಎಕ್ಸ್ 110 ತರ ವೈರ್ ಇರೋ ಚಿಕ್ಕವು ಸಿಗುತ್ತೆ.

(3/4)
ಅಂಗಡಿಗೆ ಹೋದಾಗ ಬಾಕ್ಸ್ ಮೇಲಿರೋ "ಎಕ್ಸ್‌ಟ್ರಾ ಬಾಸ್" ನೋಡ್ಬೇಡಿ. ಇಷ್ಟು ಮಾಡಿ:

ಜೊತೆಗೊಬ್ಬ ಫ್ರೆಂಡ್ ಕರ್ಕೊಂಡು ಹೋಗಿ. ನೀವು ದಿನಾ ಕೇಳೋ ವಾಲ್ಯೂಮ್‌ನಲ್ಲಿ ಹಾಡು ಹಾಕಿ, ಅವರನ್ನ ಒಂದು ಮಾರು ದೂರ ನಿಲ್ಲಿಸಿ. ಅವರಿಗೆ ಯಾವ ಹಾಡು ಅಂತ ಗೊತ್ತಾದ್ರೆ ಆ ಪೀಸ್ ವಾಪಸ್ ಇಡಿ.

ಕನ್ನಡಕ ಇದ್ರೆ ಕನ್ನಡಕ ಹಾಕ್ಕೊಂಡೇ ನೋಡಿ. ಕನ್ನಡಕದ ಕಡ್ಡಿ ಪ್ಯಾಡ್‌ನ ಎತ್ತಿದ್ರೆ ಅಲ್ಲೊಂದು ಸಂದಿ ಬಿಡುತ್ತೆ. ಬಾಸ್ ಅಲ್ಲೇ ಸೋರೋಗುತ್ತೆ, ನೀವು ವಾಲ್ಯೂಮ್ ಏರಿಸ್ತೀರ.

ಕಡಿಮೆ ಅಂದ್ರೂ ಹತ್ತು ನಿಮಿಷ ಹಾಕ್ಕೊಳ್ಳಿ, ಅಂಗಡಿಯವ್ರು ಗುರಾಯಿಸಲಿ ಪರವಾಗಿಲ್ಲ. ಆನ್-ಇಯರ್ ಹೆಡ್‌ಫೋನ್‌ಗಳ ನಿಜವಾದ ದೋಷ ಅಂದ್ರೆ ಕಿವಿ ಒತ್ತೋದು. ಮೊದಲ ನಿಮಿಷ ಗೊತ್ತಾಗಲ್ಲ, ಮಧ್ಯಾಹ್ನ ಮೂರಕ್ಕೆ ಗೊತ್ತಾಗುತ್ತೆ. ತೀರಾ ಒತ್ತಿದ್ರೆ ಕಿವಿ ಸುತ್ತ ಕೂರೋ ಓವರ್-ಇಯರ್ ಕಡೆ ಹೋಗಿ, ಬ್ಯಾಗಲ್ಲಿ ಜಾಗ ಹೋಗುತ್ತೆ ಅಷ್ಟೇ.

ಪ್ಯಾಡ್ ಬೇರೆ ಸಿಗುತ್ತಾ ಕೇಳಿ. ರೆಕ್ಸಿನ್ ತರದ ಪ್ಯಾಡ್ ಬೆವರಿಗೆ ಸಿಪ್ಪೆ ಏಳುತ್ತೆ. ಪ್ಯಾಡ್ ಬದಲಿಸೋದು ರಿಪೇರಿ ಖರ್ಚು, ಇಡೀ ಹೆಡ್‌ಫೋನ್ ಬದಲಿಸೋದು ಹೊಸ ಅಸೆಟ್. ಬಿಕಾಂ ಮಕ್ಕಳಿಗೆ ಇದನ್ನ ಬಿಡಿಸಿ ಹೇಳ್ಬೇಕಾ?

ಫೋನಲ್ಲಿ 3.5 ಎಂಎಂ ಜ್ಯಾಕ್ ಇದೆಯಾ ಅಂತ ಮೊದಲೇ ನೋಡ್ಕೊಳ್ಳಿ. ಇಲ್ಲ ಅಂದ್ರೆ ಕನೆಕ್ಟರ್ ಖರ್ಚೂ ಲೆಕ್ಕಕ್ಕೆ ಸೇರಿಸಿ.

(4/4)
ಈಗ ಸ್ವಲ್ಪ ಸೀರಿಯಸ್.

ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ದೊಡ್ಡವರಿಗೆ 80 ಡೆಸಿಬಲ್, ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಂಗೆ ಸಮಯ ಅರ್ಧ ಆಗುತ್ತೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ದಿನಾ ಆರು ಗಂಟೆ, ವಾರಕ್ಕೆ ಆರು ದಿನ ಆಫೀಸಲ್ಲಿ ಹಾಡು ಕೇಳಿದ್ರೆ 36 ಗಂಟೆ ಅಲ್ಲೇ ಆಯ್ತು. 86ರಲ್ಲಿ ಕೇಳೋರ ವಾರದ ಕೋಟಾ ಮಂಗಳವಾರ ಸಂಜೆಗೇ ಖಾಲಿ. ಫೋನ್ ವಾಲ್ಯೂಮ್ ಜಾಸ್ತಿ ಆಯ್ತು ಅಂತ ಎಚ್ಚರಿಸುತ್ತೆ, ನಾವು ಓಕೆ ಒತ್ತಿ ಮುಂದೆ ಹೋಗ್ತೀವಿ. ಒಳಕಿವಿಯ ಸೂಕ್ಷ್ಮ ಕೋಶಗಳು ಒಂದ್ಸಲ ಸತ್ರೆ ಮತ್ತೆ ಹುಟ್ಟಲ್ಲ. ಆ ಅಸೆಟ್‌ಗೆ ರಿಪ್ಲೇಸ್‌ಮೆಂಟ್ ಇಲ್ಲ.

ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ನಡೆಸ್ತಾರೆ. ಇಪ್ಪತ್ತೆರಡು ವರ್ಷ ಮಗ್ಗದ ಸದ್ದಲ್ಲೇ ನಿಂತಿದಾರೆ. ಈಗ ಫೋನ್ ಮಾಡಿದ್ರೆ ಪ್ರತಿ ಮಾತಿಗೂ "ಆಂ?" ಅಂತಾರೆ. ದೊಡ್ಡ ಸದ್ದು ಕೇಳುತ್ತೆ, ಮಾತಿನ ಸ, ಶ, ತ ಜಾರೋಗುತ್ತೆ. ಇಂಥ ಕಿವುಡು ಬರೋದೇ ಹೀಗೆ, ಸಣ್ಣ ಸದ್ದುಗಳು ಮೊದಲು ಹೋಗುತ್ತೆ. ಹಬ್ಬಕ್ಕೆ ಎಲ್ರೂ ಸೇರಿ ಮಾತಾಡ್ತಿದ್ರೆ ಅವರು ಸುಮ್ನೆ ನಗ್ತಾ ಕೂತಿರ್ತಾರೆ. ಅರ್ಥ ಆಗಿ ನಗ್ತಿರೋದಲ್ಲ ಅಂತ ನಂಗೊಬ್ಳಿಗೇ ಗೊತ್ತು ಅನ್ಸುತ್ತೆ.

ಹೊಸ ಹೆಡ್‌ಫೋನ್ ತೋರಿಸಿದಾಗ ಅಪ್ಪ ಅದನ್ನ ತಿರುಗಿಸಿ ತಿರುಗಿಸಿ ನೋಡಿದ್ರು. "ನಮಗೆ ಹೊಟ್ಟೆಪಾಡಿಗೆ ಹೋಯ್ತು. ನೀವು ದುಡ್ಡು ಕೊಟ್ಟು ಕಳ್ಕೋತೀರಲ್ಲೇ" ಅಂದ್ರು. ನಂಗೆ ಉತ್ತರ ಇರಲಿಲ್ಲ.

ಕ್ಲೋಸ್ಡ್ ಹೆಡ್‌ಫೋನ್‌ನ ದೊಡ್ಡ ಲಾಭ ನಂಗೆ ಅವತ್ತು ಅರ್ಥ ಆಗಿದ್ದು. ಹೊರಗಿನ ಗದ್ದಲ ಕಡಿಮೆ ಒಳಗೆ ಬಂದ್ರೆ ಹಾಡನ್ನೂ ಕಡಿಮೆ ಸದ್ದಲ್ಲಿ ಕೇಳಬಹುದು. ಹಾಗೆ ಕೇಳಿದ್ರೆ ಮಾತ್ರ ಲಾಭ. ಮುಚ್ಚಿದೆ, ಯಾರಿಗೂ ಕೇಳಲ್ಲ ಅಂತ ಇನ್ನೂ ಏರಿಸಿದ್ರೆ ನಷ್ಟ ಪೂರ್ತಿ ನಮ್ಮದೇ.

ಈಗ ನಾನು ಮಾಡೋದು ಇಷ್ಟು: ಬೆಳಗ್ಗೆ ರೂಮಲ್ಲಿ ನಿಶ್ಶಬ್ದ ಇರುವಾಗ ವಾಲ್ಯೂಮ್ ಸೆಟ್ ಮಾಡಿ, ಆಫೀಸಲ್ಲಿ ಅದನ್ನ ಮುಟ್ಟಲ್ಲ. ಎಂಟ್ರಿ ಕೆಲಸಕ್ಕೆ ಸಿನಿಮಾ ಹಾಡು, ಅಗ್ರಿಮೆಂಟ್ ಓದೋವಾಗ ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನ್, ಯಾಕಂದ್ರೆ ಸಾಹಿತ್ಯ ಇದ್ರೆ ಓದಿದ್ದು ತಲೆಗೆ ಹೋಗಲ್ಲ. ಗಂಟೆಗೊಂದ್ಸಲ ಹೆಡ್‌ಫೋನ್ ಕತ್ತಿಗೆ ಇಳಿಸಿ ಮೇಡಂ ಫೋನಲ್ಲಿ ಏನು ಮಾತಾಡ್ತಿದಾರೆ ಕೇಳ್ತೀನಿ.

ನಿಮ್ಮ ಫೋನ್ ವಾಲ್ಯೂಮ್ ಈಗ ಎಷ್ಟರಲ್ಲಿದೆ? ಸುಳ್ಳು ಹೇಳ್ದೆ ಕಾಮೆಂಟ್ ಮಾಡಿ. ಮನೇಲಿ "ಆಂ?" ಅನ್ನೋರಿದ್ರೆ ಇವತ್ತು ಅವರ ಎದುರು ಕೂತು, ನಿಧಾನಕ್ಕೆ, ಮುಖ ನೋಡಿ ಮಾತಾಡಿ.

#ಕನ್ನಡಕ್ಯಾಪ್ಶನ್ #ಬಿಕಾಂಬದುಕು #ಇಂಟರ್ನ್‌ಡೈರಿ #ಕಿವಿಜೋಪಾನ